ಮಣ್ಣಿನ ಗುಬ್ಬಿ ಮತ್ತು ಓಲ್ಡ್ ಬ್ರಿಡ್ಜಿನ ಮಹಾಸಭೆ

ಕ್ರೈಸ್ತ ಧರ್ಮದ ಎರಡು ಸಾವಿರ ವರ್ಷಗಳ ಇತಿಹಾಸದಲ್ಲಿ ಯಾವ ಮಹಾಸಭೆಯೂ ಕೈಹಾಕಲು ಧೈರ್ಯ ಮಾಡದಿದ್ದ ಪ್ರಶ್ನೆಯೊಂದನ್ನು ಮ್ಯಾನ್‌ಹ್ಯಾಟನ್ ಹತ್ತಿರದ ಓಲ್ಡ್ ಬ್ರಿಡ್ಜ್ ಊರಿನ ಕನ್ನಡ ಕ್ರೈಸ್ತ ಕೂಟದವರು, ಬೇರೆ ಪಂಗಡದ ಚರ್ಚೊಂದರ ಬೇಸ್‌ಮೆಂಟಿನಲ್ಲಿ, ಸತತ ಮೂರು ಶನಿವಾರ ಕೂತು ಚರ್ಚಿಸಿದರು. ಓದುಪೀಠದ ಮೇಲೆ ಸತ್ಯವೇದವನ್ನಿಡುವಾಗ ಅದರ ಅಡಿಗೆ ಹಾಸುವ ಬಟ್ಟೆ ಮೆರೂನ್ ಇರಬೇಕೋ ನೇರಳೆ ಇರಬೇಕೋ ಎಂಬುದೇ ಆ ಪ್ರಶ್ನೆ.

ಮೂರನೆಯ ಶನಿವಾರ ಮೆರೂನ್ ಗೆದ್ದಿತು. ಗೆದ್ದ ಹುಮ್ಮಸ್ಸು ಇನ್ನೂ ಇಳಿದಿರಲಿಲ್ಲ. ಕೂಟದ ಅಧ್ಯಕ್ಷ ಜಯಕರ ಅಮ್ಮನ್ನ ಎಂಬವರು ಇನ್ನೊಂದು ಮಾತೆತ್ತಿದರು. ಬಟ್ಟೆ ಇಷ್ಟು ಚಂದ ಇರುವಾಗ, ಅದರ ಮೇಲಿನ ಗ್ರಂಥವನ್ನು ತೆರೆಯದೆಯೇ ಕೆಲವರು ಓದುತ್ತಾರಲ್ಲ, ಅದು ಸರಿಯೆ?

ಹಿಂದಿನ ಸಾಲಿನಲ್ಲಿದ್ದ ಸಂಹಿತಾಳಿಗೆ ಮಾತು ಎತ್ತ ತಿರುಗಿತೆಂದು ಗೊತ್ತಾಯಿತು. ಗ್ರಂಥ ತೆರೆಯದೆ ಓದುವ ‘ಕೆಲವರು’ ಕೂಟದಲ್ಲಿದ್ದುದು ಒಬ್ಬರೇ. ಅವಳ ಪಕ್ಕದಲ್ಲಿ ಕೂತಿದ್ದ ಅವಳ ತಾಯಿ ಕೃಷ್ಣಮ್ಮ.

ಕೃಷ್ಣಮ್ಮನಿಗೆ ಅಕ್ಷರ ಬಾರದು. ಬಂಗಾರಪೇಟೆಯಲ್ಲಿ ಅವರು ಹುಡುಗಿಯಾಗಿದ್ದಾಗ ಮಿಶನ್ನಿನವರು ಮನೆಮನೆಗೆ ಕಳಿಸುತ್ತಿದ್ದ ಹೆಂಗಸೊಬ್ಬಳು ಜಗುಲಿಯ ಮೇಲೆ ಕೂತು ಹೇಳಿಕೊಟ್ಟದ್ದನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದರು. ದೀಕ್ಷಾಸ್ನಾನದ ದಿನ ಪಾದ್ರಿಗಳು ಬೇರೆ ಹೆಸರಿಡಲು ಬಂದರೆ, ದೇವರು ಈವರೆಗೆ ಕರೆದದ್ದು ಇದೇ ಹೆಸರಿಂದ, ಈಗ ಬದಲಾಯಿಸಿ ಆತನನ್ನು ಯಾಕೆ ಗಲಿಬಿಲಿ ಮಾಡುವುದು ಎಂದಿದ್ದರಂತೆ. ಮಗಳ ಮನೆಗೆ ಬಂದು ಆರು ವರ್ಷ. ತಿಂಗಳಲ್ಲಿ ಇಪ್ಪತ್ತೊಂಬತ್ತು ದಿನ ಅವರ ಮಾತಿಗೆ ಸಿಗುವವರು ಟೀವಿ ಮತ್ತು ಪಕ್ಕದ ಮನೆಯ ಮೈಸೂರಿನ ಉಮ್ಮೆ ಕುಲ್ಸುಮ್. ಉಳಿದ ಒಂದು ದಿನ, ಕೂಟದ ಆರಾಧನೆಯಲ್ಲಿ, ಐದು ನಿಮಿಷ, ನಲವತ್ತು ಜನ ಬಾಯಿ ಮುಚ್ಚಿಕೊಂಡು ಅವರ ವಾಚನ ಕೇಳುತ್ತಿದ್ದರು. ಆ ಐದು ನಿಮಿಷಕ್ಕಾಗಿ ಕೃಷ್ಣಮ್ಮ ಹಿಂದಿನ ದಿನವೇ ಸೀರೆ ಇಸ್ತ್ರಿ ಮಾಡಿಡುತ್ತಿದ್ದರು.

“ಕಳೆದ ತಿಂಗಳು ಎಂತದೋ ಗುಬ್ಬಿ ಕಥೆ ಹೇಳಿದ್ರಲ್ಲ ಇವರು,” ಎಂದರು ಅಮ್ಮನ್ನ. ಮಂಗಳೂರು ಬಿಟ್ಟು ಮೂವತ್ತು ವರ್ಷವಾದರೂ ಅವರ ಮಾತು ಮಾತ್ರ ಇನ್ನೂ ಬಂದರಿನಲ್ಲೇ ಇತ್ತು. “ಬಾಲಯೇಸು ಮಳೆನೀರಿನ ಕೆಸರಲ್ಲಿ ಹನ್ನೆರಡು ಗುಬ್ಬಿ ಮಾಡಿದನಂತೆ. ಸಬ್ಬತ್ತಿನ ವಿಶ್ರಾಂತಿ ದಿನ ಕೆಲಸ ಮಾಡಿದೆ ಅಂತ ಹಿರಿಯರು ಬೈದರಂತೆ. ಚಪ್ಪಾಳೆ ತಟ್ಟಿದನಂತೆ, ಗುಬ್ಬಿ ಹಾರಿಹೋದವಂತೆ. ನಾನು ಆದಿಯಿಂದ ಅಂತ್ಯದವರೆಗೆ ಹುಡುಕಿದೆ ಮಾರಾಯ್ರೆ. ಯಾವ ಅಧ್ಯಾಯದಲ್ಲಿ ಉಂಟು?”

“ಇರ್ಲಿ ಬಿಡ್ರಿ,” ಎಂದರು ಗದಗಿನ ಪ್ರಭಾವತಿ ಆಂಟಿ, ಕೂಟದ ಕಾರ್ಯದರ್ಶಿ. “ಕೋಲಾರದ ಕಡೆ ಹಂಗ ಹೇಳ್ತಾರೇನೋ. ನಿಮ್ಮ ಕಡೆ ಸಾರಿಗೆ ತೆಂಗಿನಕಾಯಿ ಹಾಕಂಗಿಲ್ಲೇನು? ಹಂಗ ಅದು.”

ಎರಡು ಮೂರು ಜನ ನಕ್ಕರು. ಒಬ್ಬರು ಕಾಫಿಗೆ ಎದ್ದರು. ಅಮ್ಮನ್ನ ಸಹ ಕನ್ನಡಕ ತೆಗೆದು ಜೇಬಿಗಿಟ್ಟರು. ವಿಷಯ ಅಲ್ಲಿಗೇ ಸತ್ತಿತ್ತು.

ಆಗ ಸಂಹಿತಾ ಎದ್ದು ನಿಂತಳು.

ಅವಳು ಮ್ಯಾನ್‌ಹ್ಯಾಟನ್ನಿನಲ್ಲಿ ಆದಿ ಕ್ರೈಸ್ತರ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಎರಡನೆಯ ಶತಮಾನದ ಪುಟ್ಟ ಪುಟ್ಟ ಸಭೆಗಳು ಯಾವ ಗ್ರಂಥವನ್ನು ಓದುತ್ತಿದ್ದವು, ಯಾವುದನ್ನು ಬಿಟ್ಟವು, ಬಿಡುತ್ತ ಬಿಡುತ್ತ ‘ನಾವು’ ಎಂದರೆ ಯಾರೆಂದು ಹೇಗೆ ತೀರ್ಮಾನಿಸಿಕೊಂಡವು ಎಂಬುದು ವಿಷಯ. ಏಳು ವರ್ಷದಿಂದ ಪ್ರಬಂಧ ಬರೆಯುತ್ತಿದ್ದಳು. ದಿನಾ ಹೋಗಿಬರುವ ರೈಲು ಸೀಕಾಕಸ್ ನಿಲ್ದಾಣದಲ್ಲಿ ನಿಂತಾಗಲೆಲ್ಲ ಒಂದು ಅಡಿಟಿಪ್ಪಣಿ ಹುಟ್ಟುತ್ತಿತ್ತು. ಗುಬ್ಬಿಯ ಕಥೆಯನ್ನು ತಾಯಿಯ ಬಾಯಲ್ಲಿ ಕೇಳಿದ ದಿನ ಅವಳು ಮೊದಲು ಮಾಡಿದ ಕೆಲಸ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು.

“ಅಂಕಲ್, ಆಂಟಿ, ಇದು ಕೋಲಾರದ ಕಡೆ ಕಥೆ ಅಲ್ಲ,” ಎಂದಳು. “ಆಕ್ಚುಲಿ ಇದು ತುಂಬಾ ಹಳೇದು. ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದೇನೇ ಕ್ರೈಸ್ತರು ಇದನ್ನ ಹೇಳ್ತಿದ್ರು. ಆಗ ಎಲ್ಲರಿಗೂ ಒಂದೇ ಪುಸ್ತಕ ಅಂತ ಇರ್ಲಿಲ್ಲ. ಒಂದೊಂದು ಊರಿನವರು ಒಂದೊಂದು ಓದ್ತಿದ್ರು. ಆಮೇಲೆ ಪಟ್ಟಿ ಮಾಡಿದ್ರು.”

ಅಮ್ಮನ್ನರ ಕನ್ನಡಕ ಜೇಬಿನಿಂದ ಹೊರಬಂತು. “ಪಟ್ಟಿಯಲ್ಲಿ ಇದು ಉಂಟಾ?”

“ಇಲ್ಲ. ಬಿಟ್ರು.”

“ಬಿಟ್ಟದ್ದು ಯಾರು?”

“ಬಿಷಪ್‌ಗಳೆಲ್ಲ ಸೇರಿ... ಅದೊಂದು ದೊಡ್ಡ ಪ್ರೋಸೆಸ್, ಅಂಕಲ್.”

“ಓದಿದವರು, ಅಲ್ವಾ?”

“ಹೌದು, ಆದರೆ—”

“ಸಾಕು.”

ವಿದ್ವಾಂಸರಿಗೆ ಸಾಕು ಎನ್ನುವುದು ಕೇಳಿಸುವುದಿಲ್ಲ. ತಾಯಿಯ ಕಡೆಗೆ ಇನ್ನೊಂದು ಸಾಕ್ಷಿ ಬೇಕೆಂದು ಅವಳಿಗೆ ತೋರಿತು, ತಂದು ನಿಲ್ಲಿಸಿದಳು. “ಬರೀ ನಮ್ಮಲ್ಲಷ್ಟೇ ಅಲ್ಲ. ಪಕ್ಕದ ಮನೆ ಉಮ್ಮೆ ಕುಲ್ಸುಮ್ ಆಂಟಿ ಅಮ್ಮನ ಕಥೆ ಕೇಳಿ, ಮಣ್ಣಿನ ಹಕ್ಕಿಗೆ ಜೀವ ಬಂದದ್ದು ನಮ್ಮಲ್ಲೂ ಇದೆ ಅಂದ್ರು. ಎಷ್ಟು ದೂರ ಹರಡಿತ್ತು ನೋಡಿ!”

ಕಾಫಿಗೆ ಎದ್ದಿದ್ದವರು ವಾಪಸು ಬಂದು ಕೂತರು.

“ಹೆಸರು ಕೃಷ್ಣಮ್ಮ,” ಎಂದರು ಅಮ್ಮನ್ನ, ನಿಧಾನವಾಗಿ. “ಕಥೆ ಮುಸ್ಲಿಮರದ್ದು. ಇನ್ನು ನಮ್ಮದು ಅಂತ ಉಳಿದದ್ದು ಎಂತ ಮಾರಾಯ್ರೆ?”

ಕೃಷ್ಣಮ್ಮ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಬಾಯಿ ಬಿಟ್ಟರು. “ಹೆಸರಲ್ಲೇನಪ್ಪ ಇದೆ? ನಿಮ್ಮ ಮೊಮ್ಮಗನ ಹೆಸರೂ ಕ್ರಿಷ್ ಅಲ್ವಾ?”

“ಅದು ಮಾಡರ್ನ್ ಹೆಸರು.”

ಇನ್ನು ಮುಂದೆ ಪೀಠದ ಮೇಲೆ ಗ್ರಂಥವನ್ನು ತೆರೆದಿಟ್ಟುಕೊಂಡೇ ಓದತಕ್ಕದ್ದು, ಬಾಯಿಪಾಠ ಕೂಡದು ಎಂಬ ನಿರ್ಣಯ ಮಂಡನೆಯಾಯಿತು. ಪ್ರಭಾವತಿ ಆಂಟಿಯ ಕೈಯೂ ಮೇಲೆದ್ದಿತು. ಸಂಹಿತಾ ದಿಟ್ಟಿಸಿ ನೋಡಿದಾಗ ಅವರು, “ಏನ್ ಮಾಡೂದವ್ವಾ, ಗೊತ್ತಿರಲಿಲ್ಲಂದ್ರ ಬಿಟ್ಟಬಿಡ್ತಿದ್ವಿ. ಈಗ ನೀನ ಗೊತ್ತು ಮಾಡಿಕೊಟ್ಟೀಯಲ್ಲ,” ಎಂದರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ವಿರುದ್ಧ ಎದ್ದದ್ದು ಸಂಹಿತಾಳ ಕೈ ಒಂದೇ.

ಕಾರು ರೂಟ್ ಒಂಬತ್ತು ಹೆದ್ದಾರಿಗೆ ಬಂದಾಗ ಕೃಷ್ಣಮ್ಮ ಮಗಳ ಕಡೆ ತಿರುಗಿದರು.

“ನಿನ್ನನ್ನ ಯಾರೇ ಕೇಳಿದ್ರು?”

“ಅಮ್ಮಾ, ನಿನಗೋಸ್ಕರ ಅಲ್ವಾ ನಾನು ಮಾತಾಡಿದ್ದು?”

“ನನಗೋಸ್ಕರ ಆಗಿದ್ರೆ ನೀನು ಸುಮ್ಮನೆ ಕೂತಿರ್ತಿದ್ದೆ. ನಿನಗೆ ಗೊತ್ತಿರೋದನ್ನ ಹೇಳ್ಬೇಕಿತ್ತು, ಹೇಳ್ದೆ.” ಸೆರಗಿನ ಮಡಿಕೆ ಸವರುತ್ತ, “ಐದು ನಿಮಿಷ ಇತ್ತು ಕಣೆ ನಂಗೆ,” ಎಂದರು.

ಮುಂದಿನ ತಿಂಗಳು ಓದಿದ್ದು ಕ್ರಿಷ್. ಕಾಲೇಜಿನ ಎರಡನೆಯ ವರ್ಷದಲ್ಲಿದ್ದ ಅವನಿಗೆ ಕನ್ನಡ ಲಿಪಿ ಗೊತ್ತಿರಲಿಲ್ಲ. ಆ ಬೇಸ್‌ಮೆಂಟಿನಲ್ಲಿ ನಲವತ್ತು ವರ್ಷದೊಳಗಿನ ಹೆಚ್ಚಿನವರಿಗೂ ಗೊತ್ತಿರಲಿಲ್ಲ. ಮೂರು ಶನಿವಾರದ ಚರ್ಚೆಯಲ್ಲಿ ಈ ಅಂಶ ಯಾರಿಗೂ ಹೊಳೆದಿರಲಿಲ್ಲ. ಅಜ್ಜ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟದ್ದನ್ನು ಅವನು ಫೋನ್ ನೋಡಿಕೊಂಡು ಓದಿದ. ‘ಕರುಣೆ’ಯ ಬಳಿ ಎರಡು ಸಲ ಎಡವಿದ. “ಸಾರಿ, ವನ್ ಸೆಕೆಂಡ್, ಇಟ್ ಲಾಕ್ಡ್,” ಎಂದು ಫೋನು ತೆರೆದು ಮತ್ತೆ ಮುಂದುವರಿಸಿದ. ಮೆರೂನ್ ಬಟ್ಟೆಯ ಮೇಲೆ ಸತ್ಯವೇದ ನಿರ್ಣಯದ ಪ್ರಕಾರ ತೆರೆದೇ ಇತ್ತು, ಬೇರೆ ಯಾವುದೋ ಪುಟಕ್ಕೆ. ಅದನ್ನು ಕಂಡ ಸಂಹಿತಾ ಬಾಯಿ ತೆರೆದಳು. ತಾಯಿ ಅವಳ ಮಣಿಕಟ್ಟು ಹಿಡಿದರು. ಬಾಯಿ ಮುಚ್ಚಿದಳು.

“ಎಷ್ಟು ಚಂದ ಓದಿದ ನಮ್ಮ ಹುಡುಗ!” ಎಂದು ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಯಾವ ಗುಬ್ಬಿಯೂ ಹಾರಲಿಲ್ಲ.

ಊಟಕ್ಕೆ ಮುಂಚೆ ಪ್ರಭಾವತಿ ಆಂಟಿ ಹೊಸ ವರ್ಷದ ಪಟ್ಟಿಗಳನ್ನು ಗೋಡೆಗೆ ಅಂಟಿಸಿದರು. ಕೃಷ್ಣಮ್ಮನ ಹೆಸರನ್ನು ಓದುವವರ ಪಟ್ಟಿಯಿಂದ ತೆಗೆದು ಚಟ್ನಿ ಮಾಡುವವರ ಪಟ್ಟಿಗೆ ಸೇರಿಸಲಾಗಿತ್ತು.