ಉದ್ದ ಜಟ್ಟೆಪ್ಪನ ತೆರಿಗೆ

ರಸೆಲ್ ಮಾರುಕಟ್ಟೆಯಲ್ಲಿ ಕೊಂಡ ಗುಲಾಬಿ ಪೊಟ್ಟಣವನ್ನು ಎಡಗೈಗೆ ದಾಟಿಸಿ, ಅಂಗಿಯ ಜೇಬಿನಲ್ಲಿದ್ದ ನೋಟೀಸನ್ನು ಇನ್ನಷ್ಟು ಒಳಕ್ಕೆ ತುರುಕುತ್ತ ಜಟ್ಟೆಪ್ಪ ಗಲ್ಲಿಯೊಳಗೆ ಕಾಲಿಟ್ಟ. ಸತ್ತವರ ಮನೆಗೆ ತೆರಿಗೆ ಇಲಾಖೆಯ ಕಾಗದ ಹಿಡಿದು ಬರುವವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ? ಇವನೊಬ್ಬ ಇದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು. ಏನು ಮಾಡುವುದು, ನಲವತ್ತೆರಡು ಸಾವಿರ ರೂಪಾಯಿ, ಮೇಲೆ ಬಡ್ಡಿ. ಸಂಬಳದಿಂದ ಒಮ್ಮೆ ಮುರಿದುಕೊಂಡಿದ್ದ ಹಣವನ್ನೇ ಎರಡನೇ ಸಲ ಕಟ್ಟು ಎನ್ನುತ್ತಿತ್ತು ಆ ಕಾಗದ. ಅದನ್ನು ಸರಿಪಡಿಸುತ್ತೇನೆ ಎಂದಿದ್ದ ಪ್ರೆಸ್ಸಿನ ಲೆಕ್ಕದ ಕರೀಂ ಭಾಯ್ ಬೆಳಗಿನ ಜಾವ ತೀರಿಕೊಂಡಿದ್ದರು.

ಮನೆಯ ಮುಂದೆ ಲೋಬಾನದ ಹೊಗೆ ಹಬ್ಬಿತ್ತು. ಅದರೊಳಗೆ ಜನ ನೀರಿನಲ್ಲಿ ನಡೆದಂತೆ ನಿಧಾನವಾಗಿ ಓಡಾಡುತ್ತಿದ್ದರು. ಎಲ್ಲೋ ದೂರದಲ್ಲಿ ಅಚ್ಚಿನ ಯಂತ್ರ ಓಡುತ್ತಿರುವಂತೆ ಅವನಿಗೆ ಕೇಳಿಸಿತು. ಪ್ರೆಸ್ಸಿಗೆ ಇವತ್ತು ರಜೆ ಎಂಬುದು ಆಮೇಲೆ ನೆನಪಾಯಿತು.

ಬಾಗಿಲ ಪರದೆಯ ಸಂದಿಯಿಂದ ಕರೀಂ ಭಾಯ್ ಅವರ ಮಗಳು ನಾಜಿಶ್ ಕರೆದಳು.

"ಜಟ್ಟೆಪ್ಪಣ್ಣ, ಈ ಫೈಲು ನಿಮಗಂತೆ. ಹೋದ ವಾರ ಅಬ್ಬಾ ಹೇಳಿದ್ರು, ನನಗೇನಾದ್ರೂ ಆದ್ರೆ ಉದ್ದ ಜಟ್ಟೆಪ್ಪಂಗೆ ಕೊಟ್ಬಿಡು ಅಂತ."

ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಜೇಬಿನ ನೋಟೀಸು ಅವಳಿಗೆ ಕಾಣದಿರಲೆಂದು ಜಟ್ಟೆಪ್ಪ ಫೈಲನ್ನು ಎದೆಗೆ ಅವುಚಿಕೊಂಡ.

*

ಅವನು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಕೆಲವು ವರ್ಷಗಳ ಹಿಂದೆ ಇಬ್ಬರು ಜಟ್ಟೆಪ್ಪಂದಿರಿದ್ದರು. ಇಬ್ಬರದೂ ಯಾದಗಿರಿ ಕಡೆಯ ಒಂದೇ ಊರು, ಒಂದೇ ದೇವರ ಹೆಸರು. ಕರೀಂ ಭಾಯ್ ತಮ್ಮ ಪುಸ್ತಕದಲ್ಲಿ ಒಬ್ಬನನ್ನು ಉದ್ದ, ಇನ್ನೊಬ್ಬನನ್ನು ಗಿಡ್ಡ ಎಂದು ಬರೆದುಕೊಂಡಿದ್ದರು. ಕಂಪ್ಯೂಟರಿಗೆ ಉದ್ದ ಗಿಡ್ಡ ಎಲ್ಲಿ ತಿಳಿಯಬೇಕು? ಹಳೆ ಬಾಕಿಯೆಲ್ಲ ಒಟ್ಟಿಗೆ ಕೈಗೆ ಬಂದ ವರ್ಷ ಉದ್ದ ಜಟ್ಟೆಪ್ಪನ ಸಂಬಳದಿಂದ ಹಿಡಿದ ತೆರಿಗೆ, ಗಿಡ್ಡ ಜಟ್ಟೆಪ್ಪನ ಪ್ಯಾನ್ ನಂಬರಿಗೆ ಹೋಗಿ ಕುಳಿತಿತು. ಅಷ್ಟರಲ್ಲಿ ಗಿಡ್ಡ ಜಟ್ಟೆಪ್ಪ ಕೆಲಸ ಬಿಟ್ಟು ಊರೂರು ಅಲೆಯುತ್ತಿದ್ದ. ಯಾವ ಫೋನಿಗೂ ಸಿಗಲಿಲ್ಲ.

ಮೊದಲ ನೋಟೀಸು ಬಂದ ಭಾನುವಾರ ಕರೀಂ ಭಾಯ್ ಎರಡು ಬಸ್ಸು ಬದಲಿಸಿ ಕೆ.ಆರ್. ಪುರದ ಅವನ ಬಾಡಿಗೆ ಕೋಣೆಗೆ ತಾವೇ ಬಂದಿದ್ದರು. ಚಾಪೆಯ ಮೇಲೆ ಕುಳಿತು, ಕೊಟ್ಟ ಜೋಳದ ರೊಟ್ಟಿ ಮುರಿಯದೆ ಮಾತಾಡಿದ್ದರು.

"ತಪ್ಪು ನಂದು, ಜಟ್ಟೆಪ್ಪ. ನಾನೇ ಸರಿ ಮಾಡ್ತೀನಿ. ಒಂದು ಸಹಿ ಆಗ್ಬೇಕು, ಅಷ್ಟೇ."

"ಮೊದಲ ರೊಟ್ಟಿ ತಿನ್ರಿ ಭಾಯ್."

ಆ ಸಹಿ ಎರಡು ವರ್ಷವಾದರೂ ಆಗಲಿಲ್ಲ. ಯಾರ ಸಹಿ ಎಂದು ಅವರು ಬಾಯಿ ಬಿಡಲಿಲ್ಲ. ಇವರು ಸುಮ್ಮನೆ ದಿನ ತಳ್ಳುತ್ತಿದ್ದಾರೆ ಎಂದುಕೊಂಡ ಜಟ್ಟೆಪ್ಪ ಅವರ ಜೊತೆ ಚಹಾ ಕುಡಿಯುವುದನ್ನೇ ಬಿಟ್ಟ.

*

ಕರೀಂ ಭಾಯ್ ಮನೆಯ ಗೋಡೆಗೆ ಒರಗಿ ಅವನು ಫೈಲು ತೆರೆದ. ಪ್ಯಾನ್ ನಂಬರು ಬದಲಿಸಲು ತುಂಬಿಟ್ಟ ಕಾಗದ ಮೇಲೆಯೇ ಇತ್ತು. ಕೆಳಗಿನ ಹಾಳೆಯಲ್ಲಿ ಕರೀಂ ಭಾಯ್ ಅವರ ದುಂಡು ಅಕ್ಷರದಲ್ಲಿ ಬರೀ ತಾರೀಖುಗಳು. ಪ್ರತಿ ತಾರೀಖಿನ ಮುಂದೆ ಒಂದೇ ಮಾತು: 'ಸಾಹೇಬರನ್ನು ಕೇಳಿದೆ. ಮುಂದಿನ ತಿಂಗಳು ಎಂದರು.' ಜಟ್ಟೆಪ್ಪ ಬೆರಳಿಟ್ಟು ಎಣಿಸಿದ. ಮೂವತ್ತೊಂದು. ಕೊನೆಯದು ಹೋದ ಶನಿವಾರದ್ದು.

ಅವನಿಗೆ ಕಣ್ಣು ಮಂಜಾಯಿತು. ಎರಡು ವರ್ಷ ಈ ಮನುಷ್ಯನ ಜೊತೆ ಚಹಾ ಕುಡಿಯದೆ ಹೋದೆನಲ್ಲ ಎಂದುಕೊಂಡ.

ಮಸೀದಿಯ ಅಂಗಳದವರೆಗೆ ಅವನೂ ಹೆಗಲು ಕೊಟ್ಟ. ಜನಾಜಾ ಎಷ್ಟು ಹಗುರವಾಗಿತ್ತೆಂದರೆ, ಕರೀಂ ಭಾಯ್ ತಾವೇ ಅರ್ಧ ಎತ್ತಿಕೊಟ್ಟು ನಡೆಯುತ್ತಿದ್ದಾರೆ ಅನ್ನಿಸಿತು. ನಮಾಜಿಗೆ ಸಾಲು ನಿಂತಾಗ ಅವನು ಹಿಂದಿನ ಬೇವಿನ ಮರದ ಕೆಳಗೆ ಸರಿದ. ಮೊದಲ ಸಾಲಿನಲ್ಲಿ ಪ್ರೆಸ್ಸಿನ ಮಾಲೀಕರಾದ ಖುರ್ಷೀದ್ ಸಾಹೇಬರು ನಿಂತಿದ್ದರು. ಅವರ ಕೈಯಲ್ಲಿ ಕೀಲಿಗೊಂಚಲು. ಅದರಲ್ಲೇ ತೂಗುತ್ತಿತ್ತು ಕಂಪ್ಯೂಟರಿನಲ್ಲಿ ಸಹಿ ಮಾಡುವ ಪುಟ್ಟ ಪೆನ್‌ಡ್ರೈವ್.

ಪದ್ಧತಿಯಂತೆ ಕರೀಂ ಭಾಯ್ ಅವರ ಮಗ ಸೈಫ್ ಜನರ ಕಡೆ ತಿರುಗಿದ. ಮೊದಲು ದಖ್ಖನಿಯಲ್ಲಿ, ಆಮೇಲೆ ಪ್ರೆಸ್ಸಿನವರನ್ನು ನೋಡಿ ಕನ್ನಡದಲ್ಲಿ ಹೇಳಿದ.

"ನಮ್ಮ ಅಬ್ಬಾ ಯಾರಿಗಾದ್ರೂ ಏನಾದ್ರೂ ಕೊಡೋದಿದ್ರೆ ಈಗ್ಲೇ ಹೇಳ್ಬಿಡಿ. ನಾನು ತೀರಿಸ್ತೀನಿ. ಇಲ್ಲಾ ಅಂದ್ರೆ ಮಾಫ್ ಮಾಡಿ."

ಸಾಮಾನ್ಯವಾಗಿ ಯಾರೂ ಉಸಿರೆತ್ತುವುದಿಲ್ಲ. ಬೇವಿನ ಮರದ ಕೆಳಗಿಂದ ಒಂದು ಕೈ ಎದ್ದಿತು.

"ನಂದೊಂದು ಮಾತದ ರೀ."

ಸೈಫ್‌ನ ಮುಖ ಬಿಳಿಚಿತು. "ಎಷ್ಟು, ಅಣ್ಣಾ?"

"ಕರೀಂ ಭಾಯ್ ನನಗೇನೂ ಕೊಡೂದಿಲ್ರಿ." ಜಟ್ಟೆಪ್ಪ ಮರದ ನೆರಳಿಂದ ಒಂದು ಹೆಜ್ಜೆ ಮುಂದೆ ಬಂದ. "ತಪ್ಪು ಆತು, ಮನೀಗಿ ಬಂದು ಹೇಳಿದ್ರು. ಸರಿ ಮಾಡೂ ಕಾಗದನೂ ಬರದಿಟ್ಟಾರ. ಮೂವತ್ತೊಂದು ಸಲ ಒಂದು ಸಹಿ ಕೇಳ್ಯಾರ. ಅವರ ಮ್ಯಾಲ ಏನೂ ಬಾಕಿ ಇಲ್ಲ. ಎಲ್ಲರೂ ಕೇಳ್ಲಿ ಅಂತ ಹೇಳ್ದೆ."

ಯಾರ ಸಹಿ ಎಂದು ಅವನು ಹೇಳಲಿಲ್ಲ. ಕರೀಂ ಭಾಯ್ ಮುಚ್ಚಿಟ್ಟ ಹೆಸರನ್ನು ಅವರ ಎದುರಲ್ಲೇ ತೆರೆಯಲು ಮನಸ್ಸು ಬರಲಿಲ್ಲ. ಮೊದಲ ಸಾಲಿನಲ್ಲಿ ಕೀಲಿಗೊಂಚಲು ಒಮ್ಮೆ ಘಲ್ಲೆಂದು, ಮುಷ್ಟಿಯೊಳಗೆ ಸುಮ್ಮನಾಯಿತು.

ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಜಟ್ಟೆಪ್ಪನೂ ಹಾಕಿ, ಪೊಟ್ಟಣದ ಗುಲಾಬಿ ಎಸಳುಗಳನ್ನು ಉದುರಿಸಿ ತಿರುಗಿದಾಗ ಖುರ್ಷೀದ್ ಸಾಹೇಬರು ಎದುರಿಗೆ ನಿಂತಿದ್ದರು.

"ಹಳೇ ವರ್ಷದ ಲೆಕ್ಕ ತೆಗೆದ್ರೆ ನಿಮ್ಮೆಲ್ಲರ ತೆರಿಗೆ ನಾನು ಲೇಟಾಗಿ ಕಟ್ಟಿದ್ದೆಲ್ಲ ಹೊರಗೆ ಬರುತ್ತೆ ಅಂತ ಹೆದರಿದ್ದೆ," ಅಂದರು ಮೆಲ್ಲಗೆ. "ನಡಿ, ಆಫೀಸಿಗೆ ಹೋಗೋಣ."

ಯಂತ್ರಗಳೆಲ್ಲ ಮಲಗಿದ್ದ ಪ್ರೆಸ್ಸಿನಲ್ಲಿ ಶಾಯಿಯ ವಾಸನೆ ಮಾತ್ರ ಎಚ್ಚರವಾಗಿತ್ತು. ಸಾಹೇಬರು ಕರೀಂ ಭಾಯ್ ಅವರ ಕುರ್ಚಿಯಲ್ಲಿ ಕೂರದೆ, ನಿಂತೇ ಪೆನ್‌ಡ್ರೈವ್ ಸಿಕ್ಕಿಸಿದರು. ಅವರು ಕೈ ತೊಳೆದಿರಲಿಲ್ಲ. ಪಾಸ್‌ವರ್ಡಿನ ಒಂದೊಂದು ಗುಂಡಿಯ ಮೇಲೂ ಗೋರಿಯ ಕೆಂಪು ಮಣ್ಣಿನ ಬೆರಳಚ್ಚು ಮೂಡುತ್ತ ಹೋಯಿತು.