ಬೀಸುವ ಇಬ್ಬರು

ರಿಬ್ಬನ್ ಎತ್ತಿ ಬೇರೆ ಹಾಳೆಯ ಮೇಲೆ ಹಾಕುವುದು ಅಂಥ ದೊಡ್ಡ ಕೆಲಸವೇನಲ್ಲ. ಆದರೂ ತಂಗಿಗೆ ಕೈ ಏಳಲಿಲ್ಲ. ಶುಕ್ರವಾರದ ಖಾಲಿ ಚರ್ಚಿನಲ್ಲಿ ಓದುವ ಪೀಠದ ಮುಂದೆ ನಿಂತು ಮತ್ತೆ ಮತ್ತೆ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಕಿಟಕಿಯ ಮೇಲೆ ಒಂದು ಪಾರಿವಾಳ ಕೂತಿತ್ತು, ಅದೂ ಅವಳನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಕಳ್ಳತನ ಮಾಡಿ ಅಭ್ಯಾಸವಿಲ್ಲದವರಿಗೆ ಪಾರಿವಾಳವೂ ಪೊಲೀಸೇ.

ಕೊನೆಗೂ ಹಾಳೆ ತಿರುಗಿಸಿದಳು. ಆ ದಪ್ಪ ಪುಸ್ತಕದಲ್ಲಿ ವರ್ಷದ ಪ್ರತಿ ಭಾನುವಾರಕ್ಕೂ ಓದಬೇಕಾದ ಸುವಾರ್ತೆಯ ಭಾಗವಿತ್ತು. ಹೀಗೆ ಮೂರು ವರ್ಷದ ಸುತ್ತು, ಮೂರು ಮುಗಿದ ಮೇಲೆ ಮತ್ತೆ ಮೊದಲಿಂದ. ಈ ಭಾನುವಾರ ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾಗುವುದರ ಜೊತೆಗೆ ಹೊಸ ಸುತ್ತೂ ಶುರುವಾಗುವುದಿತ್ತು. ಅವಳು ರಿಬ್ಬನ್ನನ್ನು ಮುಂದಿನ ವರ್ಷದ ಇದೇ ಭಾನುವಾರಕ್ಕೆ ಸರಿಸಿದಳು. ಅಲ್ಲಿ ಯಜಮಾನ ಊರಿಗೆ ಹೋಗುವಾಗ ಬಾಗಿಲು ಕಾಯುವವನಿಗೆ ಎಚ್ಚರವಾಗಿರು ಅನ್ನುವ ಕಥೆಯಿತ್ತು. ಮೂರೂ ವರ್ಷ ಆ ಭಾನುವಾರ ಎಚ್ಚರವಾಗಿರಿ ಎಂದೇ ಹೇಳುತ್ತದೆ, ಮೂರೂ ವರ್ಷ ಪಾದ್ರಿಗಳು ಅದೇ ಪ್ರಸಂಗ ಮಾಡುತ್ತಾರೆ, ಮೂರೂ ವರ್ಷ ಅರ್ಧ ಸಭೆ ತೂಕಡಿಸುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಳು. ಪುಸ್ತಕ ಮುಚ್ಚಿ ಓಡುವ ಹಾಗೆ ಹೊರಗೆ ಬಂದಳು.

ಅವಳು ಓದಲಾರದೆ ಬಿಟ್ಟುಬಂದ ಭಾಗದಲ್ಲಿ ಇಬ್ಬರು ಹೆಂಗಸರಿದ್ದರು. ಇಬ್ಬರೂ ಒಟ್ಟಿಗೆ ಕೂತು ಹಿಟ್ಟು ಬೀಸುತ್ತಿರುತ್ತಾರೆ. ಒಬ್ಬಳನ್ನು ತೆಗೆದುಕೊಂಡು ಹೋಗಲಾಗುತ್ತದೆ, ಇನ್ನೊಬ್ಬಳು ಅಲ್ಲೇ ಉಳಿಯುತ್ತಾಳೆ.

ಅಕ್ಕ ತಂಗಿಯದು ಹಿಟ್ಟಿನ ಗಿರಣಿ. ಅಪ್ಪ ಸತ್ತ ಮೇಲೆ ಇಬ್ಬರೇ ನಡೆಸಿಕೊಂಡು ಬಂದಿದ್ದರು. ಮದುವೆ ಆಗಲಿಲ್ಲವಾ ಎಂದು ಕೇಳಿದವರಿಗೆ ಅಕ್ಕ, ಹೆಣ್ಣು ನೋಡೋಕೆ ಬಂದವರು ಹಿಟ್ಟು ಬೀಸಿಸಿಕೊಂಡು ಹೋದರು ಅನ್ನುತ್ತಿದ್ದಳು. ತಂಗಿಯದು ತೂಕ ಮಾಡುವುದು, ಕಾಳು ಸುರಿಯುವುದು, ಚೀಲ ಹೊಲಿಯುವುದು. ಕಲ್ಲಿನ ಕೆಲಸ ಅಕ್ಕನದು. ಎರಡು ಕಲ್ಲುಗಳ ನಡುವೆ ಎಷ್ಟು ಜಾಗವಿರಬೇಕು ಅನ್ನುವುದನ್ನು ಪಕ್ಕದ ಕಬ್ಬಿಣದ ಚಕ್ರ ತಿರುಗಿಸಿ ಹೊಂದಿಸಬೇಕಿತ್ತು. ಆ ಚಕ್ರವನ್ನು ಅಕ್ಕ ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ಮೋಟಾರ್ ಶುರುವಾದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಆದ್ದರಿಂದ ಇಬ್ಬರ ನಡುವೆ ಕೈಸನ್ನೆಯದೇ ಒಂದು ಭಾಷೆಯಾಗಿತ್ತು. ಮುಷ್ಟಿ ಹಿಡಿದರೆ ನಿಲ್ಲಿಸು. ಬೆರಳು ತಿರುವಿದರೆ ಚೀಲ ಬದಲಿಸು. ಅಂಗೈಯನ್ನು ಕೆಳಮುಖ ಮಾಡಿ ಎರಡು ಸಲ ತಗ್ಗಿಸಿದರೆ ಸುರಿ, ಕಾಳು ಬಿಡು.

ಹೀಗಾಗಿ ಆ ಸುವಾರ್ತೆ ಸಭೆಯವರಿಗೆಲ್ಲ ಅಕ್ಕ ತಂಗಿಯ ಸುವಾರ್ತೆ. ಮೂರು ವರ್ಷಕ್ಕೊಮ್ಮೆ ಆ ಭಾನುವಾರ ಬಂತೆಂದರೆ ಚರ್ಚಿನ ಗಂಟೆ ಹೊಡೆಯುವವನು ತಪ್ಪದೆ ಕೇಳುತ್ತಿದ್ದ, ಈ ಸಲ ಯಾರ ಸರದಿ ಅಂತ. ನಿನ್ನನ್ನ ಕರ್ಕೊಂಡು ಹೋದ್ರೆ ಗಂಟೆಗಾದ್ರೂ ನೆಮ್ಮದಿ ಎಂದು ಅಕ್ಕ ಬಾಯಿ ಮುಚ್ಚಿಸುತ್ತಿದ್ದಳು. ಓದುವ ಕೆಲಸ ತಂಗಿಯದಾದ್ದರಿಂದ ಆ ಸಾಲು ಬಂದಾಗ ಅವಳು ಬೇಕೆಂದೇ ನಿಲ್ಲಿಸಿ ಅಕ್ಕನ ಕಡೆ ಹುಬ್ಬು ಹಾರಿಸುತ್ತಿದ್ದಳು. ಸಭೆ ಗೊಳ್ಳೆಂದು ನಗುತ್ತಿತ್ತು, ಪಾದ್ರಿಗಳೂ ಪುಸ್ತಕದ ಮರೆಯಲ್ಲಿ ನಗುತ್ತಿದ್ದರು.

ಹೋದ ವಾರ ಅಕ್ಕ ಚೀಲಗಳನ್ನು ಮಡಚುತ್ತಾ, ಎದೆಯಲ್ಲಿ ಒಂದು ಗಂಟು ಆಗಿದೆ, ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ, ಸೋಮವಾರ ಬರೋಕೆ ಹೇಳಿದ್ದಾರೆ ಎಂದಿದ್ದಳು. ಮೋಟಾರಿನ ಬೆಲ್ಟ್ ಸವೆದಿದೆ ಅನ್ನುವ ದನಿಯಲ್ಲೇ ಹೇಳಿದ್ದಳು. ಅವತ್ತಿನಿಂದ ಅಕ್ಕ ಕೆಮ್ಮಿದರೆ ತಂಗಿಯ ಎದೆ ಧಸಕ್ಕೆನ್ನುತ್ತಿತ್ತು, ಕೆಮ್ಮದೆ ಸುಮ್ಮನಿದ್ದರೆ ಇನ್ನೂ ಹೆಚ್ಚು. ಅದರ ಮೇಲೆ ಈ ಓದು. ಇಷ್ಟು ವರ್ಷ ತಾನೇ ನಗಾಡಿದ ಮಾತು ಈಗ ಬಾಗಿಲಿಗೆ ಬಂದು ನಿಂತಿದೆ, ತಾನು ಬಾಯಿಬಿಟ್ಟು ಓದಿದರೆ ಒಳಗೆ ಕರೆದಂತೆ ಎಂದು ಅವಳಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು. ಇದು ಹುಚ್ಚು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೆ ಹೆದರಿಕೆ ಹೋಗುವುದಾದರೆ ಯಾರೂ ಹೆದರುತ್ತಿರಲಿಲ್ಲ.

ಭಾನುವಾರದ ಓದನ್ನು ಶನಿವಾರ ಅಕ್ಕನ ಮುಂದೆ ಓದಿ ಒಪ್ಪಿಸುವುದು ಹಳೆಯ ಪದ್ಧತಿ. ಅಕ್ಕ ಗಿರಣಿ ನಿಲ್ಲಿಸಿ ಬ್ರಷ್ಷಿನಿಂದ ಕಲ್ಲು ಉಜ್ಜುತ್ತಾ ಕೇಳುತ್ತಿದ್ದಳು, ಅವಸರ ಬೇಡ ಅನ್ನುತ್ತಿದ್ದಳು, ದನಿ ಕೆಳಗೆ ಹೋದರೆ ಬ್ರಷ್ಷಿನಿಂದಲೇ ನೆಲ ಕುಟ್ಟುತ್ತಿದ್ದಳು. ಈ ಶನಿವಾರ ತಂಗಿ ಮನೆಯ ಬೈಬಲಿನಿಂದ ಬಾಗಿಲು ಕಾಯುವವನ ಕಥೆ ಓದಿದಳು. ಬ್ರಷ್ಷಿನ ಸದ್ದು ನಿಂತಿತು.

"ಈ ಸಲ ಇದಾ?" ಎಂದಳು ಅಕ್ಕ.

"ಹೂಂ," ಎಂದಳು ತಂಗಿ.

ಬ್ರಷ್ಷು ಮತ್ತೆ ಸದ್ದು ಮಾಡತೊಡಗಿತು. ಸಂಜೆ ಅಕ್ಕ ಎಂದಿನಂತೆ ಚರ್ಚಿಗೆ ಹೋದಳು. ಹೊಸ ಕಾಲ ಬಂದಾಗ ಓದುವ ಪೀಠದ ಹಸಿರು ಬಟ್ಟೆ ತೆಗೆದು ನೇರಳೆ ಬಟ್ಟೆ ಹಾಕುವುದು ಅವಳ ಕೆಲಸ. ನೇರಳೆ ಬಣ್ಣದ ಮೇಲೆ ಹಿಟ್ಟು ಎದ್ದು ಕಾಣುತ್ತದೆಂದು ಆ ದಿನ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಹೋಗುವವಳು. ಇಷ್ಟು ವರ್ಷದಲ್ಲಿ ಆ ಬಟ್ಟೆಗೆ ಒಂದು ಚುಕ್ಕೆ ತಾಗಿಸಿದವಳಲ್ಲ.

ಭಾನುವಾರ ತಂಗಿ ಪೀಠದ ಹತ್ತಿರ ಹೋಗುವಾಗಲೇ ಬಟ್ಟೆಯ ಅಂಚು ಕಣ್ಣಿಗೆ ಬಿತ್ತು. ನೇರಳೆಯ ಮೇಲೆ ಬೆಳ್ಳಗೆ ಒಂದು ಹೆಬ್ಬೆಟ್ಟಿನ ಗುರುತು. ಪುಸ್ತಕ ತೆರೆದಳು. ರಿಬ್ಬನ್ ಇದ್ದ ಕಡೆ ಬಾಗಿಲು ಕಾಯುವವನು ಇರಲಿಲ್ಲ, ಆ ಇಬ್ಬರು ಹೆಂಗಸರಿದ್ದರು.

ಎಲ್ಲಿ ಸಿಕ್ಕಿಬಿದ್ದೆ ಎಂದು ಹೊಳೆಯಲು ತಡವಾಗಲಿಲ್ಲ. ಶುಕ್ರವಾರ ಗಿರಣಿಯಿಂದ ಹಾಗೇ ಎದ್ದು ಬಂದಿದ್ದಳು, ಕೈ ತೊಳೆದಿರಲಿಲ್ಲ. ಮುಂದಿನ ವರ್ಷದ ಆ ಹಾಳೆಯ ಮೇಲೆ ಅವಳ ಐದೂ ಬೆರಳು ಮೂಡಿರಬೇಕು. ಹಿಟ್ಟಿನ ಬೆರಳು ಇಡೀ ಸಭೆಯಲ್ಲಿ ಇಬ್ಬರಿಗೇ ಇದ್ದದ್ದು.

ಈಗಲೂ ಹಾಳೆ ತಿರುಗಿಸಬಹುದಿತ್ತು. ತಿರುಗಿಸಲೆಂದೇ ಅಂಚು ಹಿಡಿದಳು. ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. ಮುಂದಿನ ಬೆಂಚಿನಲ್ಲಿದ್ದ ಗಂಟೆಯವನು ಆಗಲೇ ನಗಲು ತಯಾರಾಗಿ ಕೂತಿದ್ದ, ಅವನಿಗೆ ಏನೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅವನ ಹಿಂದೆ ಅಕ್ಕ. ಅಕ್ಕನ ಮುಖ ಸುಣ್ಣದಂತಾಗಿತ್ತು, ಆದರೆ ಕಣ್ಣು ತಂಗಿಯ ಮೇಲಿಂದ ಕದಲಲಿಲ್ಲ. ಮಡಿಲಲ್ಲಿದ್ದ ಕೈ ಸ್ವಲ್ಪ ಮೇಲೆ ಬಂತು. ಅಂಗೈ ಕೆಳಮುಖವಾಯಿತು. ಒಂದು ಸಲ ತಗ್ಗಿತು, ಇನ್ನೊಂದು ಸಲ ತಗ್ಗಿತು.

ತಂಗಿ ಓದಿದಳು. ಅವಸರ ಮಾಡಲಿಲ್ಲ. ಬೀಸುವ ಹೆಂಗಸರು ಬಂದಾಗ ಅವಳು ಹುಬ್ಬು ಹಾರಿಸದಿದ್ದರೂ ಸಭೆ ರೂಢಿಯಂತೆ ನಕ್ಕಿತು, ಗಂಟೆಯವನು ಹಿಂದೆ ತಿರುಗಿ ಅಕ್ಕನಿಗೆ ಕಣ್ಣು ಮಿಟುಕಿಸಿದ. ಪ್ರೀತಿಯ ನಗುವೇ. ಆದರೆ ಅದು ಮುಗಿಯುವವರೆಗೆ ಪೀಠ ಹಿಡಿದು ನಿಂತಿರುವುದು ಅವಳ ಜೀವನದಲ್ಲೇ ಅತಿ ಕಷ್ಟದ ಕೆಲಸವಾಯಿತು. ನಗು ನಿಂತ ಮೇಲೆ ಒಬ್ಬಳು ಉಳಿಯುತ್ತಾಳೆ ಅನ್ನುವುದನ್ನೂ ಓದಿ ಮುಗಿಸಿದಳು.

ಆರಾಧನೆ ಮುಗಿದ ಮೇಲೆ ಅಕ್ಕ ಮನೆಯ ದಾರಿ ಹಿಡಿಯಲಿಲ್ಲ. ಗಿರಣಿಯ ಮುಂದೆ ನಿಂತು ಬೀಗದ ಕೈ ತೆಗೆದಳು. ಭಾನುವಾರ ಗಿರಣಿ ತೆರೆದದ್ದೇ ಇಲ್ಲ. ಹಿಟ್ಟಿಲ್ಲ ಎಂದು ಬಾಗಿಲು ತಟ್ಟಿದವರಿಗೂ ಅಕ್ಕ ಹತ್ತು ಆಜ್ಞೆ ಒಪ್ಪಿಸಿ ಕಳಿಸುವವಳು. ಅಕ್ಕ ತನ್ನ ನಿಯಮ ತಾನೇ ಮುರಿಯುತ್ತಿರುವುದು ತಂಗಿಯನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಒಳಗೆ ಹೋಗಿ ಇಬ್ಬರೂ ಚೀಲದ ರಾಶಿಯ ಮೇಲೆ ಕೂತರು. ಮೋಟಾರ್ ಇಲ್ಲದ ಗಿರಣಿಯಲ್ಲಿ ಮಾತು ತೀರಾ ಗಟ್ಟಿಯಾಗಿ ಕೇಳುತ್ತಿತ್ತು.

"ಹಾಳೆ ತಿರುಗಿಸಿದ್ರೆ ನಾಳೆ ಡಾಕ್ಟ್ರು ಬೇರೆ ಹೇಳ್ತಾರಾ?" ಎಂದಳು ಅಕ್ಕ. ಸಿಟ್ಟಿರಲಿಲ್ಲ.

"ಗೊತ್ತಿಲ್ಲ. ಹೇಳ್ಬಹುದೇನೋ ಅನ್ನಿಸ್ತು."

"ನಂಗೂ ಅನ್ನಿಸ್ತು ಕಣೇ. ನಿನ್ನ ಕೈ ಗುರುತು ನೋಡಿ ಹಾಗೇ ಇರ್ಲಿ ಬಿಡು ಅಂದ್ಕೊಂಡು ಮನೆಗೆ ಬಂದ್ಬಿಟ್ಟೆ. ಕಲ್ಲು ಮುಚ್ಚೋಕೆ ಅಂತ ಇಲ್ಲಿಗೆ ಬಂದವಳು ಮತ್ತೆ ಹಾಗೇ ಚರ್ಚಿಗೆ ಓಡಿದೆ. ಕೈ ತೊಳೆಯೋದೂ ಮರ್ತುಹೋಯ್ತು." ಅಕ್ಕ ತನ್ನ ಹೆಬ್ಬೆಟ್ಟು ನೋಡಿಕೊಂಡಳು. "ತುಂಬಾ ಹೆದ್ರಿಕೆ ಆಗ್ತಿದೆ ನಂಗೆ."

ಅಕ್ಕನ ಬಾಯಲ್ಲಿ ಆ ಮಾತನ್ನು ತಂಗಿ ಹಿಂದೆಂದೂ ಕೇಳಿರಲಿಲ್ಲ. ಕೈ ಹಿಡಿದುಕೊಂಡಳು. ಮತ್ತೆ ಯಾಕೆ ರಿಬ್ಬನ್ ವಾಪಸ್ ಇಟ್ಟೆ ಎಂದು ಕೇಳಿದಳು.

"ಅದ್ರಲ್ಲಿ ಉಳಿಯೋಳೂ ಒಬ್ಳು ಇದಾಳಲ್ಲ," ಎಂದಳು ಅಕ್ಕ. "ಇಷ್ಟು ವರ್ಷ ನಕ್ಕಿದ್ದೇ ಆಯ್ತು. ಅವಳು ಬೀಸೋದು ಹೇಗೆ ಅಂತ ನಾವು ಒಂದಿನ ಯೋಚ್ನೆ ಮಾಡ್ಲಿಲ್ಲ." ಎದ್ದು ಬಟ್ಟೆ ಕೊಡವಿಕೊಂಡಳು. "ಏಳು. ಇವತ್ತು ಕಲ್ಲು ನೀನು ಹೊಂದಿಸು."

ತಂಗಿ ಬೇಡವೆಂದಳು. ನಾಳೆ ಏನೂ ಇಲ್ಲ ಅಂತಲೇ ಬರುತ್ತದೆ, ಆಮೇಲೆ ಕಲಿಯುತ್ತೇನೆ ಎಂದಳು. ಏನೂ ಇಲ್ಲ ಅಂತ ಬಂದರೆ ಕಲಿತಿದ್ದೇನೂ ಕೊಳೆಯುವುದಿಲ್ಲ ಎಂದ ಅಕ್ಕ ಮೋಟಾರಿನ ಗುಂಡಿ ಒತ್ತಿದಳು.

ಸದ್ದಿನಲ್ಲಿ ಮಾತು ಮುಳುಗಿತು. ತಂಗಿ ಚಕ್ರಕ್ಕೆ ಕೈ ಹಾಕಿದಳು. ಕಬ್ಬಿಣ ತಣ್ಣಗಿತ್ತು, ಅಕ್ಕನ ಅಂಗೈ ಉಜ್ಜಿದ ಕಡೆ ನುಣುಪಾಗಿತ್ತು. ಸ್ವಲ್ಪ ತಿರುಗಿಸಿದಳು, ಒಂದು ಹಿಡಿ ಕಾಳು ಬಿಟ್ಟಳು. ಕಲ್ಲು ಕರಕರ ಎಂದಿತು. ಅಕ್ಕನ ಕೈ ತಾನಾಗಿ ಚಕ್ರದತ್ತ ಬಂತು, ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಅಕ್ಕ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿಲ ಕಡೆ ಮುಖ ಮಾಡಿ ನಿಂತಳು.

ತಂಗಿ ಚಿಟಿಕೆ ಹಿಟ್ಟು ತಂದು ಅವಳ ಕೈಗೆ ಹಾಕಿದಳು. ಅಕ್ಕ ಕಣ್ಣು ಮುಚ್ಚಿ ಬೆರಳಲ್ಲಿ ತಿಕ್ಕಿ ನೋಡಿದಳು, ತಲೆ ಅಲ್ಲಾಡಿಸಿದಳು. ದಪ್ಪ. ತಂಗಿ ವಾಪಸ್ ಹೋಗಿ ಚಕ್ರ ಬಿಗಿ ಮಾಡಿದಳು. ಬಿಗಿ ಹೆಚ್ಚಾಯಿತು, ಕಲ್ಲುಗಳು ಒಂದಕ್ಕೊಂದು ತಾಗಿ ಸುಟ್ಟ ವಾಸನೆ ಬಂತು. ಹೆದರಿ ಸಡಿಲ ಮಾಡಿದಳು. ಮತ್ತೆ ಚಿಟಿಕೆ, ಮತ್ತೆ ತಲೆ ಅಲ್ಲಾಟ. ಅಕ್ಕ ಹಿಂದೆ ತಿರುಗಲಿಲ್ಲ.

ಆಮೇಲೆ ಯಾವಾಗಲೋ ಕಲ್ಲಿನ ಸದ್ದು ಬದಲಾಯಿತು. ಕರಕರ ಹೋಗಿ ಎಡೆಬಿಡದ ಒಂದೇ ದನಿಯಾಯಿತು. ತಂಗಿ ಚಕ್ರ ಬಿಟ್ಟು ಅಕ್ಕನ ಬೆನ್ನನ್ನೇ ನೋಡಿದಳು. ಅಕ್ಕ ಈ ಸಲ ಹಿಟ್ಟು ಕೇಳಲಿಲ್ಲ. ಬಾಗಿಲ ಬೆಳಕಿನಲ್ಲಿ ಹಾಗೇ ನಿಂತು ಕೇಳಿಸಿಕೊಂಡಳು. ನಂತರ ಒಂದು ಕೈ ಹೊರತೆಗೆದು, ಅಂಗೈ ಕೆಳಮುಖ ಮಾಡಿ, ಎರಡು ಸಲ ತಗ್ಗಿಸಿದಳು.

ತಂಗಿ ಚೀಲ ಎತ್ತಿ ಉಳಿದ ಕಾಳನ್ನೆಲ್ಲ ಸುರಿದಳು.