ನಾಲ್ಕುನೂರರ ಗಾಳಿ

“ಏಳಬೇಡ, ಕೂತ್ಕೋ. ಎದ್ರೆ ಬೀಳ್ತೀಯ,” ಎಂದು ಲೂಶಾ ಗದರಿದಳು.

ಗಾಂಜಾ ಗಿಡಗಳನ್ನು ಹೂಬಿಡಿಸುವ ಮೂರನೇ ಕೋಣೆಯ ಬಾಗಿಲಾಚೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಫೆನ್ಯಾ ಮುದುಕಿ ಹಣೆ ಹಿಡಿದುಕೊಂಡು ಕೂತಿದ್ದಳು. ಎಪ್ಪತ್ತೆರಡು ವಯಸ್ಸು. ತಲೆವಸ್ತ್ರ ಬೆವರಿಗೆ ಹಣೆಗಂಟಿತ್ತು. ಕೈಯಲ್ಲಿದ್ದ ಕತ್ತರಿಗೆ ಗಾಂಜಾ ಎಲೆಯ ಅಂಟು ಮೆತ್ತಿ ಅದರ ಬಾಯಿ ಮುಚ್ಚುತ್ತಿರಲಿಲ್ಲ. ವಾರದಲ್ಲಿ ಇದು ಮೂರನೇ ಸಲ ಅವಳು ಕೆಲಸದ ನಡುವೆ ತಲೆಸುತ್ತಿ ಹೊರಗೆ ಬಂದದ್ದು.

ಮಾಲೀಕ ಲಾರಿ ಪೆರೆಪೋಲ್ಕಿನ್ ಆಫೀಸಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. “ಲೂಶಕ್ಕ, ನನ್ನ ಬಾಯಲ್ಲಿ ಹೇಳಿಸ್ಬೇಡ. ಅಜ್ಜಿ ಒಳಗೆ ಬಿದ್ದು ಏನಾದ್ರೂ ಆದ್ರೆ ಲೈಸೆನ್ಸು ಕಿತ್ಕೊಂಡು ಹೋಗ್ತಾರೆ. ನಾಳೆಯಿಂದ ಮನೇಲಿರ್ಲಿ.”

“ನಾನಿಲ್ಲೇ ಕೂತಿದೀನಿ ಕಣೋ,” ಎಂದಳು ಫೆನ್ಯಾ. “ಸತ್ತೋರ ಸುದ್ದಿ ಆಡ್ದಂಗೆ ಆಡ್ಬೇಡ. ನಿನ್ನ ಅಂಡು ತೊಳ್ದೋಳು ನಾನು.”

“ಅದು ನಲವತ್ತು ವರ್ಷದ ಹಿಂದಿನ ಮಾತು ಅಜ್ಜಿ.”

“ಅಂಡು ಅದೇ ತಾನೆ?”

ಲಾರಿ ಕಿವಿ ಕೆಂಪು ಮಾಡಿಕೊಂಡು ಲೂಶಾಳ ಮುಖ ನೋಡಿದ. ಇಲ್ಲಿ ಬೆಳೆಯ ವಿಷಯದಲ್ಲೂ ಆಳುಗಳ ವಿಷಯದಲ್ಲೂ ಕಡೆಯ ಮಾತು ಲೂಶಾಳದೇ.

“ಅವನು ಹೇಳೋದು ಸರಿ ಚಿಕ್ಕಮ್ಮ,” ಎಂದಳು ಲೂಶಾ. ಸುತ್ತಿ ಬಳಸಿ ಹೇಳುವುದು ಅವಳಿಗೆ ಹುಟ್ಟಿದಾರಭ್ಯ ಬಂದಿರಲಿಲ್ಲ. “ನಿನಗೆ ವಯಸ್ಸಾಯ್ತು. ಏಪ್ರನ್ ಬಿಚ್ಚಿಡು.”

“ವಯಸ್ಸಲ್ಲ ಕಣೇ. ಒಳಗೆ ಗಾಳಿ ದಪ್ಪಗಿದೆ. ಎಷ್ಟೆಳೆದ್ರೂ ಎದೆ ತುಂಬಲ್ಲ.”

“ದಪ್ಪಾನಾ? ಇಲ್ನೋಡು.” ಲೂಶಾ ಗೋಡೆಯ ಮೇಲಿನ ಮೀಟರಿನ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿದಳು. ಹಸಿರು ಅಂಕಿ ಮಿಸುಕದೆ ನಿಂತಿತ್ತು: ಸಾವಿರದ ಇನ್ನೂರು. “ಜನವರಿಯಿಂದ ಒಂದಿಷ್ಟೂ ಆಚೀಚೆ ಆಗಿಲ್ಲ. ನಾನಿಟ್ಟ ಅಂಕಿ ಇದು.”

ಈ ಸ್ಲೋಕನ್ ಕಣಿವೆಯಲ್ಲಿ ಲೂಶಾ ಕಲ್ಮಕೋಫ್ ಇಟ್ಟ ಅಂಕಿಗೆ ಎದುರಾಡುವವರಿರಲಿಲ್ಲ. ಪೊಲೀಸರ ಹೆಲಿಕಾಪ್ಟರು ಗುಡ್ಡದ ಮೇಲೆ ಗಿರಕಿ ಹೊಡೆಯುತ್ತಿದ್ದ ಕಾಲದಿಂದ ಅವಳು ಗಾಂಜಾ ಬೆಳೆದವಳು. ಆಲೂಗಡ್ಡೆಯ ನೆಲಮಾಳಿಗೆಯಲ್ಲಿ ಮೂರೇ ದೀಪ ಕಟ್ಟಿ, ಒಲೆ ಉರಿಸಿ ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಕೊಟ್ಟವಳು. ಈಗ ಎಲ್ಲ ಕಾನೂನಿನ ಪ್ರಕಾರ. ದೊಡ್ಡ ಸಿಲಿಂಡರುಗಳು, ಅವಕ್ಕೆ ಕವಾಟ, ಕವಾಟಕ್ಕೆ ಅಪ್ಪಣೆ ಕೊಡಲು ಮೀಟರು. ಗಿಡ ಬೆಳಕನ್ನೇ ಉಂಡರೂ ನಂಜಿಕೊಳ್ಳಲು ಈ ಗ್ಯಾಸು ಬೇಕೇ ಬೇಕು ಎನ್ನುವುದು ಅವಳ ಮಾತು. ಹೊರಗಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ನಾಲ್ಕುನೂರು ಇರುತ್ತದೆ. ಕೋಣೆಯಲ್ಲಿ ಸಾವಿರದ ಇನ್ನೂರಕ್ಕೆ ಏರಿಸಿದರೆ ಮೊಗ್ಗು ಮುಷ್ಟಿಯಷ್ಟಾಗುತ್ತದೆ. ಎರಡು ಸಾವಿರ ದಾಟಿದರೆ ಗಿಡಕ್ಕೂ ಅಜೀರ್ಣ, ಮನುಷ್ಯರಿಗೂ ತಲೆನೋವು.

ಫೆನ್ಯಾ ಅಂಕಿಯನ್ನು ನೋಡಲಿಲ್ಲ. ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. ಬೆರಳು ಅಂಟಂಟಾಗಿ ಗಂಟು ಬಿಡಲಿಲ್ಲ.

“ನಾನು ಹೋದ್ರೆ ಪದ ಎತ್ತೋರು ಯಾರು?” ಎಂದಳು.

ಈ ಹೆಂಗಸರಿಗೆ ಹಾಡಿಲ್ಲದೆ ಕೈ ಓಡುವುದಿಲ್ಲ. ರಷ್ಯಾದಿಂದ ಹಡಗು ಹತ್ತಿ ಈ ಕಣಿವೆಗೆ ಬಂದ ಇವರ ಮುತ್ತಜ್ಜಿಯರು ಅಗಸೆ ಕೀಳುತ್ತ ಹಾಡಿದ್ದ ಕೀರ್ತನೆಗಳನ್ನೇ ಇವರು ಗಾಂಜಾದ ಎಲೆ ಸವರುತ್ತ ಹಾಡುತ್ತಾರೆ. ವಾದ್ಯವಿಲ್ಲ, ಪುಸ್ತಕವಿಲ್ಲ. ನಿಯಮ ಒಂದೇ, ಎಳೆ ಕಡಿಯಬಾರದು. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಪಕ್ಕದವಳು ಹಿಡಿದಿರಬೇಕು, ಅವಳು ತೆಗೆದುಕೊಳ್ಳುವಾಗ ಮತ್ತೊಬ್ಬಳು. ಎಂಟು ಹೆಂಗಸರು ನಿಂತರೆ ಒಂದು ಕೀರ್ತನೆ ಅರ್ಧ ಗಂಟೆ ಬೇಕಾದರೂ ಬಿಡುವಿಲ್ಲದೆ ಹರಿಯುತ್ತದೆ. ಹೆಣದ ಮುಂದೆ ಅಳುತ್ತಲೂ ಇವರು ಎಳೆ ಬಿಟ್ಟವರಲ್ಲ.

ಒಳಗೆ ಉಳಿದ ಏಳು ಮಂದಿ ಹಾಡುತ್ತಿದ್ದರು. ಮರೂಸ್ಯಾಳ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಮೂವತ್ತೆಂಟರ ಹೆಂಗಸು, ಚಳಿಗಾಲವೆಲ್ಲ ಮರ ಕಡಿಯುವವಳು, ಎದೆ ಕಮ್ಮಾರನ ತಿದಿಯಂತೆ.

ಹಾಡು ಒಂದು ಏರು ಹತ್ತಿತು, ಇನ್ನೊಂದು ಹತ್ತಿತು. ಮೂರನೆಯದರಲ್ಲಿ ನಿಂತಿತು.

ಒಬ್ಬಳದಲ್ಲ, ಏಳು ದನಿಯೂ ಒಟ್ಟಿಗೆ. ಫ್ಯಾನುಗಳ ಗುಂಯ್ ಮಾತ್ರ ಕೇಳಿಸಿತು. ಆಮೇಲೆ ಯಾರೋ ಕೆಮ್ಮಿದರು, ಯಾರೋ ನಕ್ಕರು, ಹಾಡು ಕುಂಟುತ್ತ ಮತ್ತೆ ಶುರುವಾಯಿತು.

ಲೂಶಾ ಫೆನ್ಯಾಳತ್ತ ನೋಡಿದಳು. ಫೆನ್ಯಾ ಗಂಟಿನ ಮೇಲೆ ಬೆರಳಿಟ್ಟುಕೊಂಡೇ ಬಾಗಿಲತ್ತ ನೋಡುತ್ತಿದ್ದಳು.

“ಮರೂಸ್ಯಾಗೂ ವಯಸ್ಸಾಯ್ತೇನೆ?” ಎಂದಳು.

ಲೂಶಾ ಬಾಗಿಲು ತಳ್ಳಿ ಒಳಗೆ ಹೋದಳು. ದೀಪಗಳ ಕೆಳಗೆ ಹೆಂಗಸರ ಮುಖಗಳು ಬೀಟ್‌ರೂಟ್ ಸಾರಿನ ಬಣ್ಣಕ್ಕೆ ತಿರುಗಿದ್ದವು. ಮರೂಸ್ಯಾ ಕಂಬಕ್ಕೊರಗಿ ಕಣ್ಣುಜ್ಜುತ್ತಿದ್ದಳು. ಲೂಶಾ ಒಂದು ಗಿಡದ ಕೆಳಗಿನ ಎಲೆ ಎತ್ತಿ ನೋಡಿದಳು. ಅಂಚು ಸುಟ್ಟಂತೆ ಕಂದಾಗಿತ್ತು, ನಡುವೆ ತುಕ್ಕಿನ ಚುಕ್ಕೆ. ಹದಿನೈದು ದಿನದಿಂದ ಇದನ್ನು ನೋಡಿ ಗೊಬ್ಬರ ಕಲಸುವವನನ್ನು ಬೈಯುತ್ತಿದ್ದಳು. ಸಿಲಿಂಡರುಗಳು ಬೇಗ ಬೇಗ ಖಾಲಿಯಾಗುತ್ತಿದ್ದುದಕ್ಕೆ ಬಾಗಿಲು ಸರಿಯಾಗಿ ಹಾಕುವುದಿಲ್ಲವೆಂದು ಹೆಂಗಸರನ್ನು ಬೈದಿದ್ದಳು. ಬೈಯದೆ ಉಳಿದದ್ದು ಮೀಟರೊಂದೇ.

“ಎಲ್ರೂ ಆಚೆ ನಡೀರಿ. ಕತ್ತರಿ ಅಲ್ಲೇ ಬಿಡಿ.”

“ಈ ಸಾಲು ಮುಗ್ಸಿ...”

“ಸಾಲು ಹಾಳಾಗ್ಲಿ! ಆಚೆ ಅಂದ್ನಲ್ಲ!”

ಸಿಲಿಂಡರಿನ ಕವಾಟ ತಿರುಗಿಸಿ ಮುಚ್ಚಿದಳು. ಗಿಡಗಳ ಎತ್ತರಕ್ಕೆ ತೂಗುಬಿಟ್ಟಿದ್ದ ಮೀಟರಿನ ತಲೆಯನ್ನು ಕೊಕ್ಕೆಯಿಂದ ಬಿಡಿಸಿದಳು. ಅದರ ವೈರು ಉದ್ದವಿತ್ತು. ಹಗ್ಗ ಕಟ್ಟಿದ ಕರುವಿನಂತೆ ಅದನ್ನು ಎಳೆದುಕೊಂಡು ಹಿಂಬಾಗಿಲಿಗೆ ಹೋಗಿ ಚಿಲಕ ತೆಗೆದಳು. ಹೊರಗೆ ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕಿತು.

“ಲಾರೀ! ಪೆಟ್ಟಿಗೆ ಮುಂದೆ ನಿಂತ್ಕೊಂಡು ಅಂಕಿ ಕೂಗು!”

“ಒಂಬೈನೂರು,” ಎಂದು ಒಳಗಿನಿಂದ ಲಾರಿ ಕೂಗಿದ. “ಐನೂರು... ಇನ್ನೂರು...” ಆಮೇಲೆ ದನಿ ಬರಲಿಲ್ಲ.

“ನಾಲಿಗೆ ಬಿದ್ದೋಯ್ತೇನೋ?”

“ಸೊನ್ನೆ ತೋರಿಸ್ತಿದೆ, ಲೂಶಕ್ಕ.”

ಭೂಮಿಯ ಮೇಲೆ ಎಲ್ಲಿ ನಿಂತರೂ ಗಾಳಿಯಲ್ಲಿ ಈ ಗ್ಯಾಸು ಸೊನ್ನೆ ಇರುವುದಿಲ್ಲ. ನಾಲ್ಕುನೂರು ತೋರಿಸಬೇಕಾದ ಮೀಟರು ಸೊನ್ನೆ ತೋರಿಸುತ್ತಿದೆ ಎಂದರೆ ಒಳಗೆ ಸಾವಿರದ ಇನ್ನೂರು ಎಂದು ತೋರಿಸಿದ್ದು ಎರಡು ಸಾವಿರವೋ, ಮೂರು ಸಾವಿರವೋ, ದೇವರಿಗೇ ಗೊತ್ತು.

ಲಾರಿ ಓಡಿ ಬಂದ. “ಮೀಟರ್ ಕಂಪನಿಯೋರ ಮೇಲೆ ಹಾಕೋಣ. ಕೆಟ್ಟ ಮಾಲು ಕಳಿಸಿದ್ದಾರೆ ಅಂತ...”

“ಬಾಯ್ಮುಚ್ಚು,” ಎಂದಳು ಲೂಶಾ. ಅವಳಿಗೆ ಆಗಲೇ ನೆನಪಾಗಿತ್ತು. ತಿಂಗಳಿಗೊಮ್ಮೆ ಮೀಟರಿನ ತಲೆಯನ್ನು ಬಯಲಿಗೆ ತಂದು, ಅದರ ಗುಂಡಿ ಒತ್ತಿ, ಇದೇ ನಾಲ್ಕುನೂರು ಎಂದು ಅದಕ್ಕೆ ಕಲಿಸಬೇಕು. ಜನವರಿಯಲ್ಲಿ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಚಳಿ. ಯಾರು ಹೊರಗೆ ಹೋಗುತ್ತಾರೆ ಎಂದು ಅವಳು ಊಟದ ಕೋಣೆಯಲ್ಲೇ ಗುಂಡಿ ಒತ್ತಿದ್ದಳು. ಕಿಟಕಿಗಳಿಗೆ ಪ್ಲಾಸ್ಟಿಕ್ ಬಡಿದಿತ್ತು. ಗ್ಯಾಸ್ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಎಂಟು ಹೆಂಗಸರು ಬೆಳಗಿನಿಂದ ಅಲ್ಲೇ ಕೂತು ಒಂದು ಶವಸಂಸ್ಕಾರದ ಹಾಡನ್ನು ಮತ್ತೆ ಮತ್ತೆ ಹಾಡಿ ಕೂಡಿಸಿಕೊಳ್ಳುತ್ತಿದ್ದರು. ಅವರೆಲ್ಲ ಬಿಟ್ಟ ಉಸಿರನ್ನು ತೋರಿಸಿ ಅವಳು ಮೀಟರಿಗೆ ಹೇಳಿದ್ದಳು, ಇದೇ ಹೊರಗಿನ ಗಾಳಿ ಎಂದು.

ಹೆಂಗಸರು ಕೋಟು ಹೊದ್ದು ಹಿಂಬಾಗಿಲ ಅಂಗಳಕ್ಕೆ ಬಂದು ನಿಂತಿದ್ದರು. ಫೆನ್ಯಾ ಮಾತ್ರ ಏಪ್ರನ್ ಮಡಿಚಿ ಕಂಕುಳಲ್ಲಿಟ್ಟುಕೊಂಡು ಗೇಟಿನ ಕಡೆ ಹೊರಟಿದ್ದಳು.

“ಚಿಕ್ಕಮ್ಮಾ! ಎಲ್ಲಿಗೆ?”

“ಮನೆಗೆ. ನೀನೇ ಅಂದ್ಯಲ್ಲ.”

“ಮೀಟರು ತಪ್ಪು ಹೇಳ್ತಿತ್ತು. ತಪ್ಪು ಕಲಿಸ್ದೋಳು ನಾನು. ಜನವರೀಲಿ ಚಳಿಗೆ ಹೆದರ್ಕೊಂಡು ಊಟದ ಕೋಣೇಲೇ ಗುಂಡಿ ಒತ್ತಿದ್ದೆ.” ಲೂಶಾ ಎಲ್ಲರಿಗೂ ಕೇಳುವಂತೆ ಹೇಳಿದಳು, ತಗ್ಗಿಸಲಿಲ್ಲ. “ನಿನ್ನೆದೆ ಸರಿಯಾಗೇ ಇದೆ. ನನ್ನ ತಲೆ ಸರಿ ಇರ್ಲಿಲ್ಲ. ಸಂಜೆ ತನಕ ಕೋಣೆಗೆ ಗಾಳಿ ಆಡಿಸ್ತೀನಿ, ನೀನು ನಾಳೆ ಬೆಳಿಗ್ಗೆ ಏಳಕ್ಕೆ ಬಾ.”

ಲಾರಿ ಏನೋ ಹೇಳಲು ಬಾಯಿ ತೆರೆದ. ಲೂಶಾ ನೋಡಿದ ನೋಟಕ್ಕೆ ಮುಚ್ಚಿದ.

ಫೆನ್ಯಾ ತಿರುಗಿ ಬಂದಳು. “ಚಳಿಗೆ ಹೆದರ್ಕೊಂಡ್ಯಾ? ಕಲ್ಮಕೋಫ್ ಮನೆ ಹುಡುಗಿ? ನಿಮ್ಮಜ್ಜಿ ಹಿಮದಲ್ಲಿ ಹೆತ್ತೋಳು ಕಣೇ!”

ಹೆಂಗಸರು ಗೊಳ್ಳೆಂದರು. ಲೂಶಾಳ ಮುಖ ಕೆಂಪಾಯಿತು. ಆದರೂ ಅವಳು ಮೀಟರಿನ ತಲೆಯನ್ನು ಕೆಳಗಿಡಲಿಲ್ಲ.

“ನಗು ಸಾಕು. ಈಗ ಸರಿಯಾಗಿ ಕಲಿಸ್ಬೇಕು. ಮೂರು ನಿಮಿಷ. ಯಾರೂ ಇತ್ತ ಉಸಿರು ಬಿಡ್ಬೇಡಿ.”

ಅವಳು ಗುಂಡಿ ಒತ್ತಿ, ಮೀಟರನ್ನು ತೋಳಿನುದ್ದಕ್ಕೆ ದೂರ ಹಿಡಿದು, ತನ್ನ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಳು. ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಫೆನ್ಯಾ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು. ಮರೂಸ್ಯಾಳೂ ಹಿಡಿದಳು, ಅವಳನ್ನು ನೋಡಿ ಉಳಿದವರೂ. ನದಿಯ ಕಡೆಯಿಂದ ಸಣ್ಣಗೆ ಗಾಳಿ ಬೀಸುತ್ತಿತ್ತು. ಎಂಟು ಹೆಂಗಸರು ಹಿಮದಲ್ಲಿ ಬಾಯಿ ಮುಚ್ಚಿಕೊಂಡು, ಚಾಚಿದ ಆ ಕೈಯನ್ನೇ ನೋಡುತ್ತ ನಿಂತರು.